ಜರಡಿ ಹಿಡಿದ ತೌಡು

ಮಗಳು ಸುನಿತಾ ಲಿಂಗೈಕ್ಯಳಾದ ಮೇಲೆ ಅವಳ ಕೋಣೆಯಲ್ಲಿ ಉಳಿದ ಜೀವ ಒಂದೇ, ಗಾಜಿನ ಪೆಟ್ಟಿಗೆಯೊಳಗಿನ ಹಲ್ಲಿ. ಹಳದಿ ಮೈ, ಮೈತುಂಬ ಕಪ್ಪು ಚುಕ್ಕೆ. ಸಜ್ಜೆ ಚೆಲ್ಲಿದ ಹಾಗಿದೆಯೆಂದು ಅವಳೇ ಅದಕ್ಕೆ ಸಜ್ಜಿ ಎಂದು ಹೆಸರಿಟ್ಟಿದ್ದಳು. ಹೈದರಾಬಾದಿನ ಗೆಳತಿಯೊಬ್ಬಳು ಕೊಟ್ಟದ್ದು. ಅದು ಗೋಡೆ ಹತ್ತುವುದಿಲ್ಲ. ನಮ್ಮಂತೆಯೇ ರೆಪ್ಪೆ ಬಡಿಯುತ್ತದೆ, ಕಣ್ಣು ಮುಚ್ಚಿ ಮಲಗುತ್ತದೆ.

"ಗೋಡಿಮ್ಯಾಲಿನವು ಸಾಲಲಿಲ್ಲೇನ ದೇವಕ್ಕ, ಪೆಟಗ್ಯಾಗ ಇಟ್ಟು ಸಾಕಾಕತ್ತೀರಿ?" ಎಂದು ಪಕ್ಕದ ಮನೆಯ ಮಲ್ಲಾಬಾಯಿ ನಗುತ್ತಿದ್ದಳು. ಸುನಿತಾ ಇದ್ದಾಗ ನಾನೂ ಜೊತೆಗೆ ನಗುತ್ತಿದ್ದೆ.

ಶಹಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ಲಿಂಗಪೂಜೆಯಾಗದೆ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಜೋಳ ಹಸನು ಮಾಡುವಾಗ ಹುಳ ಸಿಕ್ಕರೆ ಕೊಲ್ಲದೆ ಮೊರದಲ್ಲಿ ಒಯ್ದು ಹಿತ್ತಲಿನ ಬೇವಿನ ಬುಡಕ್ಕೆ ಬಿಡುವುದು ನನ್ನ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಇಂಥ ಮನೆಗೆ ಹಲ್ಲಿ ಬಂದಾಗ ನಾನು ಮೊದಲು ಕೇಳಿದ್ದು, "ಇದು ಏನ್ ತಿಂತದವ್ವ?" ಎಂದು.

"ತೌಡು ಯವ್ವಾ. ಬರೇ ತೌಡು," ಎಂದಿದ್ದಳು ಸುನಿತಾ.

ನಾನು ನಂಬಿದೆ. ಮಾಳಿಗೆಯ ಮೇಲೆ ಅವಳ ಕೋಣೆ. ಭೀಮರಾಯನಗುಡಿಯ ಕಚೇರಿಯಿಂದ ಬಂದವಳೇ ಮೇಲೆ ಹೋಗಿ, ಬಾಗಿಲು ಮುಂದೆ ಮಾಡಿ, ಅದಕ್ಕೆ ಉಣಿಸಿ, ಕೈ ತೊಳೆದು ಇಳಿದು ಬರುತ್ತಿದ್ದಳು. ಮಂಚದ ಕೆಳಗೆ ತೌಡಿನ ಡಬ್ಬಿ, ಪಕ್ಕದಲ್ಲಿ ಬಿಳಿ ಪುಡಿಯ ಸಣ್ಣ ಭರಣಿ. ವಿಭೂತಿ ಎಂದುಕೊಂಡಿದ್ದೆ. ಮೂಕಜೀವಿಗೂ ಪ್ರಸಾದ ಮಾಡಿ ಕೊಡುತ್ತಾಳೆಂದು ಒಳಗೊಳಗೇ ಹಿಗ್ಗಿದ್ದೆ.

ಮಳೆಗಾಲದ ಜ್ವರ ಅವಳನ್ನು ಒಯ್ದಿತು. ಆಸ್ಪತ್ರೆಯಲ್ಲಿ ಮಾತು ಸಣ್ಣದಾದಾಗ, "ಸಜ್ಜೀನ ನೋಡ್ಕೊ ಯವ್ವಾ," ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ. ಅದು ಕೇಳುವ ಹೊತ್ತಲ್ಲ.

ಮಣ್ಣು ಮಾಡಿ ಬಂದ ಮೇಲೆ ತೌಡಿನ ಡಬ್ಬಿ ತೆರೆದೆ. ಉದ್ದನೆಯ ಹಳದಿ ಹುಳುಗಳು ಮಿಜಿಮಿಜಿ ಹರಿದಾಡುತ್ತಿದ್ದವು. ನೋಡುವವರಿಲ್ಲದೆ ತೌಡು ಕೆಟ್ಟಿತೆಂದು ತಿಳಿದೆ. ಜರಡಿ ಹಿಡಿದು, ಒಂದಕ್ಕೂ ನೋವಾಗದಂತೆ ಆರಿಸಿ, ಬೇವಿನ ಬುಡಕ್ಕೆ ಬಿಟ್ಟೆ. ಬದುಕಿಕೊಳ್ಳಿ ಎಂದೆ. ಹಸನಾದ ತೌಡಿನ ಮೇಲೆ ಬಿಳಿ ಪುಡಿ ಉದುರಿಸಿ ಸಜ್ಜಿಯ ಮುಂದಿಟ್ಟೆ.

ಅದು ಮೂಸಲೂ ಇಲ್ಲ.

ಹೆಸರುಬೇಳೆ ನೆನೆಹಾಕಿ ಕೊಟ್ಟೆ. ಬಾಳೆಹಣ್ಣು ಕಿವುಚಿಟ್ಟೆ. ಅದೊಂದೇ ಮೇಲಿರುವುದು ಬೇಡವೆಂದು ಪೆಟ್ಟಿಗೆಯನ್ನು ಕೆಳಗಿಳಿಸಿ ದೇವರ ಕೋಣೆಯಲ್ಲಿಟ್ಟೆವು. ಒಳಗೊಂದು ನೆಲಕ್ಕೆ ಹಾಸುವ ಪರಸಿಕಲ್ಲಿನ ತುಂಡಿತ್ತು, ಸುಮ್ಮನೆ ಭಾರವೆಂದು ಅದನ್ನು ಕೋಣೆಯ ಹೊರಗೆ ಮಾಳಿಗೆಯ ಮೇಲೆಯೇ ಬಿಟ್ಟೆವು. ನನ್ನ ಯಜಮಾನರು ಜಗದೇವಪ್ಪನವರು ಅಂಗಡಿಯಿಂದ ಬಂದವರೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

"ಉಣ್ಣವ್ವ ತಾಯಿ. ನಮ್ಮ ಊಟ ಸೇರವಲ್ದೇನ? ಹೈದರಾಬಾದಿನಕಿ ನೀ, ಬಿರ್ಯಾನಿನ ಬೇಕೇನ?" ಎಂದು ಚೇಷ್ಟೆ ಮಾಡುವರು. ಮಾತು ಮುಗಿಸದೆ ಪೆಟ್ಟಿಗೆಯ ಗಾಜು ಒರೆಸತೊಡಗುವರು.

ಹೆಬ್ಬೆರಳ ಗಾತ್ರವಿದ್ದ ಬಾಲ ದೀಪದ ಬತ್ತಿಯಂತಾಯಿತು. ಮಗಳ ಕೊರಗಿನಲ್ಲಿ ಅನ್ನ ಬಿಟ್ಟಿದೆಯೆಂದು ಬಂದವರಿಗೆಲ್ಲ ಹೇಳಿದೆ. ಇದೂ ಹೋದರೆ ಅವಳು ಒಪ್ಪಿಸಿದ ಒಂದು ಮಾತೂ ನನ್ನ ಕೈಯಲ್ಲಿ ಉಳಿಯಲಿಲ್ಲವಲ್ಲ ಎಂದು ಲಿಂಗದ ಮುಂದೆ ಕೂತು ಅತ್ತೆ.

ಚಳಿ ಬಿದ್ದ ಮೇಲೆ ಒಂದು ಭಾನುವಾರ ಯಾದಗಿರಿಯಿಂದ ಗುಲ್ನಾಜ್ ಬಂದಳು. ಸುನಿತಾಳ ಕಚೇರಿಯ ಗೆಳತಿ. ಪೆಟ್ಟಿಗೆಯನ್ನು ನೋಡಿದವಳೇ ಕೂಗಿದಳು:

"ಇದೇನಾತ್ರಿ ಅವ್ವಾರ! ಇದರ ಬಾಲ ಎಲ್ಲಿ ಹೋತ್ರಿ?"

"ಉಣವಲ್ದವ್ವ. ತೌಡು ಜರಡಿ ಹಿಡದು ಕೊಡಾಕತ್ತೇನಿ. ಒಂದು ಹುಳ ಸೈತ ಇಲ್ಲ ಅದರಾಗ."

ಗುಲ್ನಾಜ್ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಅವ್ವಾರ, ಇದು ತಿನ್ನೂದ ಹುಳ್ರಿ. ತೌಡು ಆ ಹುಳದ ಊಟ. ಜೀವ ಇದ್ದದ್ದ ಬೇಕು, ಅಲುಗಾಡದಿದ್ರ ಮೂಸಂಗಿಲ್ಲ. ಆ ಬಿಳಿ ಪುಡಿ ಎಲುಬಿನ ಔಷಧ, ಹುಳಕ್ಕ ಹಚ್ಚಿ ಕೊಡ್ತಿದ್ಲು. ಮತ್ತ ಹೊಟ್ಟಿ ಕೆಳಗ ಕಾವು ಬೇಕ್ರಿ, ಇಲ್ಲಂದ್ರ ತಿಂದದ್ದು ಅರಗಂಗಿಲ್ಲ. ಅದಕ್ಕ ಆಕಿ ಕಲ್ಲು ಬಿಸಿಲಿಗೆ ಇಟ್ಟು ಒಳಗ ಹಾಕ್ತಿದ್ಲು."

"ಮತ್ತ ನನ್ನ ಮುಂದ ತೌಡು ಅಂದಿದ್ಲಲ್ಲವ್ವ?"

"ನಿಮ್ಮ ಸಲ್ವಾಗಿ ಅಂದಿದ್ಲ್ರಿ. ‘ನಮ್ಮವ್ವಗ ಗೊತ್ತಾದ್ರ ನನಗ ಏನೂ ಅನ್ನಂಗಿಲ್ಲ ಗುಲ್ಲೂ, ಲಿಂಗದ ಮುಂದ ಕುಂತು ನನ್ನ ಪಾಪ ತನಗ ಬರಲಿ ಅಂತ ಬೇಡ್ಕೊಂತಾಳ’ ಅಂತಿದ್ಲು."

ನನ್ನ ಯಜಮಾನರು ಎದ್ದು ಹೊರಗೆ ಹೋದರು. ಮಾಳಿಗೆ ಹತ್ತಿ ಆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಒಳಗಿಟ್ಟ ಸ್ವಲ್ಪ ಹೊತ್ತಿಗೆ ಸಜ್ಜಿ ಹೊಟ್ಟೆ ಎಳೆಯುತ್ತ ಬಂದು ಅದರ ಮೇಲೆ ಮಲಗಿತು.

"ನಾ ಯಾದಗಿರಿಗೆ ಒಯ್ತೀನ್ರಿ ಅವ್ವಾರ," ಎಂದಳು ಗುಲ್ನಾಜ್. "ನಮ್ಮ ಮನ್ಯಾಗ ಇದಕ್ಕ ಅಡ್ಡಿ ಇಲ್ಲ."

"ಆಕಿ ನೋಡ್ಕೊ ಅಂದದ್ದು ಈಕಿಗೆ," ಎಂದರು ಯಜಮಾನರು, ನನ್ನ ಕಡೆ ನೋಡದೆ.

"ತಡೀರಿ," ಎಂದೆ. "ನಾ ಒಮ್ಮಿ ಕೊಟ್ಟು ನೋಡ್ತೀನಿ."

ಬೇವಿನ ಬುಡದ ಒಣ ಎಲೆ ಸರಿಸಿದರೆ, ಸಜ್ಜಿ ಉಣ್ಣದೆ ಬಿಟ್ಟಿದ್ದಕ್ಕೆ ನಾನು ಅಲ್ಲಿ ಚೆಲ್ಲುತ್ತಿದ್ದ ತೌಡಿನಲ್ಲಿ ಕೆಲವು ಹುಳು ಇನ್ನೂ ಇದ್ದವು. ಗುಲ್ನಾಜ್ ಒಂದನ್ನು ಚಿಮಟದಲ್ಲಿ ಹಿಡಿದು ನನ್ನ ಕೈಗೆ ಕೊಟ್ಟಳು. ನಾನು ಪೆಟ್ಟಿಗೆಯೊಳಗೆ ಕೈ ಇಳಿಸಿದೆ. ಸಜ್ಜಿ ತಲೆಯೆತ್ತಿತು. ಎಷ್ಟೋ ದಿನದ ಮೇಲೆ ಅದರ ಕಣ್ಣು ಅಗಲವಾದದ್ದನ್ನು ಕಂಡೆ. ಬಾಲದ ತುದಿ ನಡುಗಿತು. ಅದು ಒಂದು ಹೆಜ್ಜೆ ಇಟ್ಟಿತು.

ಹುಳ ಚಿಮಟಕ್ಕೆ ಸುತ್ತಿಕೊಂಡಿತು. ಬದುಕಿಕೊಳ್ಳಿ ಎಂದು ನಾನೇ ಬಿಟ್ಟ ಹುಳ. ನನಗೆ ತಿಳಿಯದೆಯೇ ಕೈ ಮೇಲೆ ಬಂತು.

ಮತ್ತೆ ಇಳಿಸಿದೆ. ಮಗಳ ಮುಖ ನೆನೆದು ಇಳಿಸಿದೆ. ಸಜ್ಜಿ ಬಾಯಿ ತೆರೆಯಿತು. ಎದೆಯ ಮೇಲಿನ ಲಿಂಗವನ್ನು ಎಡಗೈ ಹಿಡಿದುಕೊಂಡಿತ್ತು, ಬಲಗೈ ಮತ್ತೆ ಮೇಲೆ ಬಂತು. ಸಜ್ಜಿ ಕಾದು ನೋಡಿತು. ರೆಪ್ಪೆ ಬಡಿದು, ತಿರುಗಿ ಕಲ್ಲಿನ ಮೇಲೆ ಮಲಗಿತು.

ಹುಳವನ್ನು ತೌಡಿನಲ್ಲಿ ಬಿಟ್ಟು ಗುಲ್ನಾಜ್‌ಗೆ ಹೇಳಿದೆ, "ಒಯ್ಯವ್ವ. ನನ್ನ ಕೈಯಾಗ ಇದು ಸಾಯ್ತದ."

ಅವಳು ಬೇವಿನ ಬುಡದ ಹುಳು ಆರಿಸಿ ಡಬ್ಬಿಗೆ ತುಂಬಿಕೊಳ್ಳುವಾಗ ನಾನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಪೆಟ್ಟಿಗೆಯನ್ನು ಯಜಮಾನರೇ ಟವೆಲಿನಲ್ಲಿ ಸುತ್ತಿ ಬಸ್‌ಸ್ಟ್ಯಾಂಡಿನತನಕ ಹೊತ್ತರು. ಮಗಳನ್ನು ಗಂಡನ ಮನೆಗೆ ಕಳಿಸುವ ಭಾಗ್ಯ ಅವರಿಗೆ ಬರಲಿಲ್ಲ. ಬಸ್ಸು ತಿರುವು ದಾಟುವವರೆಗೂ ನಿಂತು ಬಂದರಂತೆ.

ಕಲ್ಲನ್ನು ಗುಲ್ನಾಜ್ ಒಯ್ಯಲಿಲ್ಲ. "ಕಾವು ಕೊಡೂ ಕರೆಂಟಿನ ಹಾಸು ತರ್ತೀನ್ರಿ, ಇದು ನಿಮಗಿರಲಿ," ಎಂದಿದ್ದಳು.

ಎರಡು ದಿನ ಬಿಟ್ಟು ಅವಳ ಫೋನು ಬಂತು. "ತಿಂತ್ರಿ ಅವ್ವಾರ! ಇನ್ನೊಂದು ಬೇಕಂತ ನನ್ನ ಮುಖಾನ ನೋಡಾಕತ್ತದ!" ಯಜಮಾನರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, "ಏನಂತ? ಇನ್ನೊಮ್ಮಿ ಹೇಳವ್ವ," ಎಂದು ಮತ್ತೆ ಹೇಳಿಸಿಕೊಂಡರು.

ದಿನಾಲೂ ಪೂಜೆಗೆ ಕೂತಾಗ ಸುನಿತಾ ಹೇಳಿದ ಹಾಗೆಯೇ ಮಾಡುತ್ತೇನೆ, ಅವಳ ಪಾಪ ನನಗೆ ಬರಲಿ ಎಂದು ಬೇಡಿಕೊಳ್ಳುತ್ತೇನೆ. ಗುಲ್ನಾಜ್‌ಳದ್ದೂ ಸೇರಿಸುತ್ತೇನೆ. ನನ್ನದು ಯಾವುದೆಂದು ಮಾತ್ರ ತಿಳಿಯುವುದಿಲ್ಲ, ಹುಳ ಕೊಡದೆ ಹೋದದ್ದೋ, ಮಗಳು ಒಪ್ಪಿಸಿದ್ದನ್ನು ಕೊಟ್ಟುಬಿಟ್ಟದ್ದೋ.

ಕಲ್ಲು ಈಗಲೂ ಮಾಳಿಗೆಯ ಮೇಲೆ ಬಿಸಿಲಿಗಿರುತ್ತದೆ. ಸುನಿತಾ ಕಚೇರಿಯಿಂದ ಬರುತ್ತಿದ್ದ ಹೊತ್ತಿಗೆ ಮೇಲೆ ಹೋಗಿ ಅದನ್ನು ಒಳಗೆ ತಂದು, ಅವಳ ಮಂಚದ ಮೇಲೆ ಕೂತು ತೊಡೆಯಲ್ಲಿಟ್ಟುಕೊಳ್ಳುತ್ತೇನೆ. ಕಾವು ಆರಿದ ಮೇಲೆ ಇಳಿದು ಬರುತ್ತೇನೆ.