ಕಂಡಕ್ಟರಮ್ಮನ ಬಾಯಿ

ವಾರ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಂಡಕ್ಟರಮ್ಮ ಎಂದೇ. ವರ್ಷಗಟ್ಟಲೆ ಟಿಕೆಟ್ ಹರಿದು, ಬಾಗಿಲಲ್ಲಿ ನೇತಾಡುವವರನ್ನು ಗದರಿಸಿ ಒಳಗೆ ಕಳಿಸಿ, ಹಿಂದಿನ ಸೀಟಿನಿಂದ ಡ್ರೈವರನ ಕಿವಿಗೆ ಮುಟ್ಟುವಂತೆ ಕೂಗಿ ಕೂಗಿ ಪಳಗಿದ ಗಂಟಲು ಅವಳದು. ಅಂಥವಳು ಈ ಮಾನಸಿಕ ಆಸ್ಪತ್ರೆಗೆ ಬಂದ ಮೇಲೆ ಪಿಸುಗುಟ್ಟುವುದನ್ನು ಕಲಿತಿದ್ದಳು. ಇಲ್ಲಿ ಗಟ್ಟಿಯಾಗಿ ಮಾತಾಡಿದರೆ ಕಾಯಿಲೆ, ಮೆತ್ತಗಿದ್ದರೆ ಗುಣ. ನೀರು ತಣ್ಣಗಿದೆ ಎಂದು ಬಚ್ಚಲಿನಿಂದ ಕೂಗಿದ್ದಕ್ಕೇ ಮೊದಲ ವಾರ ಅವಳಿಗೆ ಸೂಜಿ ಚುಚ್ಚಿದ್ದರು. ಆಮೇಲೆ ನಾಲಿಗೆ ಒದ್ದೆ ಬಟ್ಟೆಯ ಹಾಗೆ ಬಾಯಲ್ಲಿ ಬಿದ್ದುಕೊಂಡಿತ್ತು.

ಕಾಯಿಲೆ ಇರಲಿಲ್ಲವೆಂದಲ್ಲ, ಇತ್ತು. ಬಸ್ಸಿಗೆ ಬೆಂಕಿ ಬೀಳುತ್ತದೆ, ಎಲ್ಲರನ್ನೂ ಇಳಿಸು ಎಂದು ಒಂದು ದನಿ ಹಗಲೂ ರಾತ್ರಿ ಕಿವಿಯಲ್ಲಿ ಪೀಡಿಸುತ್ತಿತ್ತು. ಕೊನೆಗೊಂದು ದಿನ ಸೇತುವೆಯ ಮೇಲೆ ಬಸ್ ನಿಲ್ಲಿಸಿ, ಮುದುಕರು ಮಕ್ಕಳೆನ್ನದೆ ಎಲ್ಲರನ್ನೂ ಇಳಿಸಿಬಿಟ್ಟಿದ್ದಳು. ಮಾತ್ರೆಯಿಂದ ಆ ದನಿ ಈಗ ನೆರೆಮನೆಯ ರೇಡಿಯೋದಷ್ಟು ತಗ್ಗಿತ್ತು. ಇದನ್ನು ಅವಳು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತಿದ್ದಳು. ಆದರೆ ಕೇಳುವವರು ಯಾರು? ಊಟ ಆಯ್ತಾ, ನಿದ್ದೆ ಬಂತಾ, ಅಷ್ಟೇ. ಆ ದನಿ ಏನು ಹೇಳುತ್ತಿತ್ತು ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ಅಣ್ಣ ವಾರಕ್ಕೊಮ್ಮೆ ಬರುತ್ತಿದ್ದ. ಬಂದವನು ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಹಣ್ಣಿನ ಚೀಲವನ್ನು ಸಿಸ್ಟರ್ ಕೈಗೆ ದಾಟಿಸಿ ಹೋಗಿಬಿಡುತ್ತಿದ್ದ. ತಂಗಿಯ ಕಾಯಿಲೆ ತನಗೂ ಅಂಟಿಕೊಂಡೀತೆಂಬ ಭಯವೋ ಏನೋ, ಪುಣ್ಯಾತ್ಮನಿಗೆ! ಅವನು ಟೈಫಾಯ್ಡ್ ಬಂದು ಮಲಗಿದ್ದಾಗ ವಾಂತಿ ಬಳಿದವಳು ಇದೇ ತಂಗಿ.

ಸೋಮವಾರ ದೊಡ್ಡ ಡಾಕ್ಟರ ರೌಂಡ್ಸ್. ಮನೆಗೆ ಕಳಿಸುವುದೂ, ಕೆಲಸಕ್ಕೆ ಬರಬಹುದೋ ಇಲ್ಲವೋ ಎಂದು ಡಿಪೋಗೆ ತಿಳಿಸುವುದೂ ಅವರೇ. ಆ ವಾರ್ಡಿಗೆ ಬಂದು ಹೋಗಿ ಹಳಬಳಾಗಿದ್ದ ಪಕ್ಕದ ಮಂಚದ ಅಜ್ಜಿ ಬೆಳಿಗ್ಗೆಯೇ ಬುದ್ಧಿ ಹೇಳಿದಳು.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ಮಗಳೇ. ಏನ್ ಕೇಳಿದ್ರೂ ತಲೆ ಆಡ್ಸು. ಸಿಟ್ಟು ಗಿಟ್ಟು ಎಲ್ಲಾ ಮನೆಗೆ ಹೋದ್ಮೇಲೆ."

ಅವಳು ತಲೆ ಬಾಚಿ, ಕೈಕಟ್ಟಿ, ಮಂಚದ ತುದಿಯಲ್ಲಿ ಕುಳಿತಳು. ಡಾಕ್ಟರು ಬಂದರು. ಅವರ ನೋಟ ಅವಳ ತಲೆಯ ಮೇಲಿಂದ ಹಾದು ಬಾಗಿಲಲ್ಲಿದ್ದ ಅಣ್ಣನ ಮೇಲೆ ನಿಂತಿತು.

"ಹೇಗಿದ್ದಾರೆ ಈಗ?"

"ತುಂಬಾ ಸುಧಾರಿಸಿದ್ದಾಳೆ ಡಾಕ್ಟ್ರೇ. ಬಾಯೇ ಬಿಡಲ್ಲ," ಎಂದ ಅಣ್ಣ.

"ನಿದ್ದೆ?"

"ಚೆನ್ನಾಗ್ ಮಾಡ್ತಾಳೆ ಸಾರ್," ಎಂದಳು ಸಿಸ್ಟರ್.

ಕಂಡಕ್ಟರಮ್ಮ ಹಲ್ಲು ಕಚ್ಚಿದಳು. ಇನ್ನೊಂದು ಗಳಿಗೆ ತಡೆದುಕೊಂಡರೆ ಮನೆ. ಅಷ್ಟರಲ್ಲಿ ಅಣ್ಣ ದನಿ ತಗ್ಗಿಸಿದ.

"ಆ ಬಸ್ಸಿನ ಕೆಲ್ಸ ಇನ್ನು ಇವಳ ಕೈಲಾಗಲ್ಲ ಅಂತ ಡಿಪೋಗೆ ತಿಳಿಸ್ಬಿಡಿ ಡಾಕ್ಟ್ರೇ. ಮನೇಲಿ ಅಡುಗೆ ಗಿಡುಗೆ ಮಾಡ್ಕೊಂಡು ಬಿದ್ದಿರ್ತಾಳೆ. ನಮ್ಗೂ ನೆಮ್ಮದಿ."

ಡಾಕ್ಟರು ತಲೆಯಾಡಿಸುತ್ತ ಪೆನ್ನು ತೆಗೆದರು.

ಬಿದ್ದಿರ್ತಾಳಂತೆ! ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಸುಮ್ಮನಿದ್ದರೆ ಇವತ್ತೇ ಮನೆ, ಆದರೆ ಬಸ್ಸು ಹೋದಂತೆಯೇ. ಬಾಯಿ ಬಿಟ್ಟರೆ ಮತ್ತೆ ಸೂಜಿ.

"ನಾನಿಲ್ಲೇ ಕೂತಿದ್ದೀನಿ!"

ವಾರ್ಡಿಗೆ ವಾರ್ಡೇ ಬೆಚ್ಚಿಬಿತ್ತು. ಸಿಸ್ಟರ್ ಕೈ ಟ್ರೇ ಕಡೆ ಹೋಯಿತು.

"ಚುಚ್ಚೋದಾದ್ರೆ ಚುಚ್ಚಿ. ಮೊದ್ಲು ಕೇಳಿಸ್ಕೊಳ್ಳಿ." ಅವಳು ಏಳಲಿಲ್ಲ, ಕಟ್ಟಿದ ಕೈ ಬಿಚ್ಚಲಿಲ್ಲ. "ಡಾಕ್ಟ್ರೇ, ಸೇತುವೆ ಮೇಲೆ ಜನಾನ ಇಳಿಸಿದ್ದು ಕಾಯಿಲೆ. ಆಗ ನಂಗೆ ಸಿಟ್ಟಿರ್ಲಿಲ್ಲ, ಹೆದ್ರಿಕೆ ಇತ್ತು. ಈಗ ಹೆದ್ರಿಕೆ ಇಲ್ಲ, ಸಿಟ್ಟಿದೆ. ನನ್ನ ನಿದ್ದೆ, ನನ್ನ ಕೆಲ್ಸ, ಎಲ್ಲಾನೂ ಬಾಗ್ಲಲ್ಲಿ ನಿಂತೋನ್ನ ಕೇಳ್ತೀರಲ್ಲ, ಅದಕ್ಕೆ ಸಿಟ್ಟು. ಇದಕ್ಕೂ ಮಾತ್ರೆ ಇದ್ಯಾ?"

ಅಜ್ಜಿ ಹೊದಿಕೆಯೊಳಗೇ ಕಿಸಕ್ಕನೆ ನಕ್ಕಳು. ಡಾಕ್ಟರು ಬೇಡವೆಂದು ಸಿಸ್ಟರಿಗೆ ಸನ್ನೆ ಮಾಡಿ, ಸ್ಟೂಲು ಎಳೆದುಕೊಂಡು ಕುಳಿತರು. ಮೊದಲ ಸಲ ಅವಳ ಮುಖ ನೋಡಿದರು.

"ಇವತ್ತು ಮನೆಗೆ ಕಳ್ಸೋಕಾಗಲ್ಲ. ಇನ್ನೊಂದು ವಾರ ನೋಡ್ಬೇಕು. ಡಿಪೋಗೂ ಈಗ್ಲೇ ಏನೂ ಹೇಳಲ್ಲ. ಆ ದನಿ ಏನ್ ಹೇಳ್ತಿತ್ತು, ನೀವೇ ಹೇಳಿ."

ಇನ್ನೊಂದು ವಾರ! ಅವಳ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನೋಡಿದ್ರಾ? ಸೇರಿಸ್ದಾಗ್ಲೇ ನಾನ್ ಹೇಳ್ಲಿಲ್ವಾ ಇವಳ ಬಾಯಿ," ಎಂದು ಅಣ್ಣ ನಿಂತಲ್ಲೇ ಗೊಣಗಿದ.

ಅವಳು ಅವನ ಕಡೆ ತಿರುಗಿದಳು. ಬಸ್ಸಿನಲ್ಲಿ ದಿನಾ ಹೇಳುತ್ತಿದ್ದ ಮಾತು ಅದೇ ಗಂಟಲಲ್ಲಿ ಬಂತು.

"ಬಾಗ್ಲಲ್ಲಿ ನಿಲ್ಬೇಡ ಅಣ್ಣ. ಒಳಗೆ ಬಾ. ಇಲ್ಲಾಂದ್ರೆ ಇಳ್ಕೋ."