ಬಾಗಿಲ ಮೇಲಿನ ಕೈ

ಪರಪರ ಸದ್ದು ನಿಂತಿತು, ಯಾಕೆ, ಓ, ನಿಲ್ಲಿಸಿದ್ದು ನಾನೇ, ಕೈ ಮತ್ತೆ ಅಲ್ಲಿಗೇ ಬಂದು ಮುಷ್ಕರ ಹೂಡಿದೆ, ಕಾರಿನ ಬಾಗಿಲಿನ ಉಳಿದ ಭಾಗವೆಲ್ಲ ನುಣ್ಣಗಾಗಿದೆ, ನೆಗ್ಗು ತುಂಬಲು ಮೆತ್ತಿದ ಪುಟ್ಟಿಯ ಪುಡಿ ಮೂಗಿನಲ್ಲಿ, ರೆಪ್ಪೆಯಲ್ಲಿ, ಹಲ್ಲಿನ ಸಂದಿಯಲ್ಲಿ, ಬಾಕಿ ಇರುವುದು ಈ ಒಂದು ಅಂಗೈಯಗಲ ಜಾಗ, ಐದು ಬೆರಳು ಅಚ್ಚೊತ್ತಿ ಕೂತಿರುವ ಜಾಗ. ನಮ್ಮ ಯಜಮಾನರು ಹೋಗಿ ಎಂಟು ತಿಂಗಳು, ಕಾರು ಷೆಡ್ಡಿನಲ್ಲಿ ಹೀಗೇ ನಿಂತು ಎಂಟು ತಿಂಗಳು, ಮೇಲೆ ಪ್ರೈಮರ್ ಬಳಿಯದ ಪುಟ್ಟಿ ತೇವ ಹೀರುತ್ತೆ ಅತ್ತಿಗೆ, ಒಳಗೊಳಗೇ ತುಕ್ಕು ಹಿಡಿದು ಬಾಗಿಲು ಕೈಗೇ ಬರುತ್ತೆ, ನಾನೇ ಉಜ್ಜಿ ಕೊಡ್ತೀನಿ ಬಿಡಿ, ಅಂದ ಅವರ ಗೆಳೆಯ, ಕಾರಿನ ತಗಡು ರಿಪೇರಿಯ ಟಿಂಕರ್, ಬೇಡಪ್ಪ ಅಂದೆ, ಎಮರಿ ಪೇಪರ್ ಹಿಡಿಯುವುದು ಹೇಗೆ ಅಂತ ಅಷ್ಟೇ ಕಲಿತೆ, ಇನ್ಯಾರೂ ಈ ಜಾಗ ಮುಟ್ಟಕೂಡದು.

ಐದಕ್ಕೆ ಮಗಳು ಬರುತ್ತಾಳೆ, ಪ್ರತಿ ಭಾನುವಾರವೂ ಅಷ್ಟೆ, ಮನೆಯೊಳಗೆ ಕಾಲಿಡುವ ಮೊದಲು ಇಲ್ಲಿಗೆ ಬಂದು ಆ ಬೆರಳುಗಳ ಮೇಲೆ ತನ್ನ ಬೆರಳಿಡುತ್ತಾಳೆ, ಅಮ್ಮಾ ಇದೊಂದನ್ನ ಉಜ್ಜಬೇಡ ಕಣೇ, ಪೇಂಟ್ ಆದ್ಮೇಲೂ ಗುರುತು ಕಾಣ್ಲಿ, ಅಪ್ಪನ ಕೈ ಇದು, ನಮಗೆ ಇಷ್ಟೇ ಅಲ್ವಾ ಉಳಿದಿರೋದು, ನಾನು ಹೂಂ ಅನ್ನುತ್ತೇನೆ, ಮೊದಲ ದಿನವೇ ಬಾಯಿ ಬಿಡಬೇಕಿತ್ತು, ಅವಳ ಮುಖ ನೋಡಿ ಹೂಂ ಅಂದುಬಿಟ್ಟೆ, ಒಂದು ಹೂಂ ಮೂವತ್ತು ಹೂಂ ಆಯಿತು, ಈಗ ಎಲ್ಲಿಂದ ಶುರು ಮಾಡಲಿ. ಅದು ನನ್ನ ಕೈ.

ಅವತ್ತು ಆಸ್ಪತ್ರೆಯಲ್ಲಿ ನನ್ನ ತಾಯಿ, ಆರರ ಮೇಲೆ ಒಳಗೆ ಬಿಡುವುದಿಲ್ಲ, ಹೊರಟು ನಿಂತು ಮೂರು ಸಲ ಕರೆದೆ, ಬಂದೆ ಕಣೇ, ಪುಟ್ಟಿ ಕಲಸಿಬಿಟ್ಟಿದ್ದೀನಿ, ಬಿಟ್ರೆ ಕಲ್ಲಾಗುತ್ತೆ, ಐದೂವರೆ, ಐದೂ ಮುಕ್ಕಾಲು, ಆರು ವರ್ಷದಿಂದ ರಜೆಯೆಲ್ಲ ಈ ಹಳೇ ಡಬ್ಬಕ್ಕೆ, ಮೈಯೆಲ್ಲ ಉರಿದುಹೋಯಿತು, ಅವರ ಕೆನ್ನೆಗೆ ಬಾರಿಸಲಾರದೆ ಬಾಗಿಲಿಗೆ ಬಾರಿಸಿದೆ, ರಪ್ಪಂತ, ಹಸಿ ಪುಟ್ಟಿಯ ಮೇಲೆ, ಇದರ ಜೊತೆಗೇ ಸಾಯಿರಿ ಅಂದೆ. ಅಂದೆ, ಅಂದದ್ದು ನಾನೇ. ಅವರು ನಕ್ಕುಬಿಟ್ಟರು, ಸಹಿ ಬಿತ್ತು ನೋಡು, ಇನ್ಮೇಲೆ ಕಾರು ನಿನ್ನ ಹೆಸರಿಗೆ. ಹನ್ನೊಂದನೆಯ ದಿನ ಆಫೀಸಿನ ಮೆಟ್ಟಿಲ ಮೇಲೆ ಉಸ್ಸಪ್ಪಾ ಅಂತ ಕೂತವರು ಏಳಲಿಲ್ಲ. ಹನ್ನೊಂದು ದಿನ ಇತ್ತಲ್ಲ, ಬಾಯಿ ತಪ್ಪಿ ಬಂತು ರೀ ಅನ್ನಬಹುದಿತ್ತು, ನನ್ನ ಹಾಳು ಬಿಗುಮಾನ, ಮತ್ತೆ ಅವರು ಆ ಹನ್ನೊಂದು ದಿನ ಮಾಡಿದ್ದೇನು, ಎಮರಿ ಪೇಪರನ್ನು ಚೂರು ಚೂರು ಹರಿದು ಬೆರಳುಗಳ ಸಂದಿ ಸಂದಿಯಲ್ಲಿ ಉಜ್ಜಿದ್ದಾರೆ, ಒಂದು ಬೆರಳಿಗೂ ಸೋಕಿಸದೆ, ಅಯ್ಯೋ ದೇವರೇ, ನನ್ನ ಸಿಟ್ಟನ್ನು ಹೀಗೆ ಕಾಪಾಡಿದ್ದಾರೆ.

ಉಜ್ಜಿದರೆ ಅವಳ ಅಪ್ಪ ಎರಡನೇ ಸಲ ಹೋಗುತ್ತಾರೆ, ಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಸಾಯಿರಿ, ಸಾಯಿರಿ, ಇರಲಿ, ಕೇಳಿಸಿಕೊಳ್ಳುತ್ತೇನೆ, ಅದು ನನ್ನ ಪಾಲಿನದು, ಆದರೆ ಉಂಗುರ, ನಾಲ್ಕನೇ ಬೆರಳಿನ ಬುಡದಲ್ಲಿ ನನ್ನ ಉಂಗುರ ಕೊರೆದ ಗೀರು, ಅವರು ಉಂಗುರ ಹಾಕಿದವರೇ ಅಲ್ಲ, ಇವತ್ತಲ್ಲ ನಾಳೆ ಅವಳ ಕಣ್ಣಿಗೆ ಬೀಳುತ್ತೆ, ಎಂಟು ತಿಂಗಳು ನನಗೆ ಸುಳ್ಳು ಹೇಳಿದೆಯಾ ಅಮ್ಮಾ ಅಂದರೆ ಏನು ಹೇಳಲಿ. ಗೀರೊಂದೇ ಹೋಗಲಿ, ಕೈ ಅವರದೇ ಆಗಲಿ, ಪೇಪರನ್ನು ಮಡಚಿ ಅಂಚಿನಿಂದ ಒಂದೆಳೆ, ಇನ್ನೊಂದೆಳೆ, ಗೀರು ಮಸುಕಾಗುತ್ತಿದೆ, ಇನ್ನೊಂದೇ ಒಂದು — ಸದ್ದು ಬದಲಾಯಿತು, ಪರಪರ ಹೋಗಿ ಕಿರ್ರ್, ಉಂಗುರ ಒತ್ತಿದ ಕಡೆ ಪುಟ್ಟಿ ಅಷ್ಟು ತೆಳುವೇ, ಗೇಟಿನ ಚಿಲಕ, ಅಮ್ಮಾ ಮುಗೀತಾ, ಊದಿ ಪುಡಿ ಹಾರಿಸುತ್ತೇನೆ, ತಗಡು, ಒಳಗಿನ ತಗಡು ಹೊರಬಿದ್ದಿದೆ, ಆ ಬೆರಳಿನ ಬುಡದಲ್ಲಿ, ಉಂಗುರದಷ್ಟೇ ಅಗಲ, ಹೊಳೆಯುತ್ತಿದೆ, ಅಮ್ಮಾ, ಎಲ್ಲಿದೀಯ, ಉಂಗುರದಷ್ಟೇ ಅಗಲ —