ಹೆಸರು ಹಿಡಿದು ಕರೆಯದ ಲಿಂಕ್

ನಾನು ಒಂದು ಲಿಂಕ್. ನೀಲಿ ಬಣ್ಣ, ಕೆಳಗೊಂದು ಗೆರೆ, ಕೊನೆಯಲ್ಲಿ ಅರ್ಥವಿಲ್ಲದ ಎಂಟು ಅಕ್ಷರಗಳ ಬಾಲ. ಯಾರೂ ಹಂಬಲಿಸಿ ನನ್ನನ್ನು ಹೆತ್ತಿಲ್ಲ, ನಾನು ಹುಟ್ಟಿದ್ದು ಬೇಸರದಲ್ಲಿ. ಹೊನ್ನಗಟ್ಟೆ ಎಂಬ ತಾಲ್ಲೂಕು ಪಟ್ಟಣದಲ್ಲಿ, ಅಂಚೆ ಕಚೇರಿಯ ಹಿಂದಿನ ಎರಡು ಕೋಣೆಗಳ ತರಬೇತಿ ಕೇಂದ್ರದಲ್ಲಿ, ಒಂದು ಲೋಟ ಕಾಫಿ ಆರುವಷ್ಟರಲ್ಲಿ ನನ್ನ ಜನನ ಮುಗಿದುಹೋಯಿತು.

ಕೇಂದ್ರ ನಡೆಸುವವರು ಪ್ರಮೀಳಾ. ಉಗ್ಗುವವರಿಗೆ ಮಾತು ಪಳಗಿಸುವುದು ಅವರ ಕೆಲಸ. ಅವರಿಗಾಗಿ ಮೈದುನ ನಾಗಭೂಷಣ ‘ಮೆಲ್ಲನುಡಿ’ ಎಂಬ ಆ್ಯಪ್ ಕಟ್ಟಿದ್ದ. ಅದರಲ್ಲಿ ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸಬೇಕು. ಒಳಗಿರುವ ಉಳಿದವರು ಕೇಳಿ ಒಂದು ಚಪ್ಪಾಳೆ ಒತ್ತುತ್ತಾರೆ. ಲೋಕಕ್ಕೆಲ್ಲ ಬಿಡುವ ಮೊದಲು ಕೇಂದ್ರದ ಇಪ್ಪತ್ಮೂರು ಜನರ ಕೈಗೆ ಕೊಟ್ಟು ಪರೀಕ್ಷಿಸಬೇಕಿತ್ತು.

“ಅತ್ತಿಗೆ, ಕರೆಯೋಕೆ ಎರಡು ದಾರಿ ಇದೆ,” ಎಂದ ನಾಗಭೂಷಣ. “ಒಬ್ಬೊಬ್ಬರ ಇಮೇಲ್ ಹಾಕಿ ಹೆಸರು ಹಿಡಿದು ಕರೀಬೋದು. ಇಲ್ಲಾಂದ್ರೆ ಒಂದೇ ಲಿಂಕ್ ಮಾಡಿ ಕೇಂದ್ರದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡೋದು. ಒತ್ತಿದವರೆಲ್ಲ ಒಳಗೆ.”

“ಹೆಸರು ಹಿಡಿದು ಕರೆದ್ರೇ ಚೆಂದ ಕಣೋ. ಮನೆ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಕರೆದಂಗೆ.”

ಮಾತೇನೋ ಚೆಂದವಾಗಿತ್ತು. ಆಮೇಲೆ ಹಾಜರಿ ಪುಸ್ತಕ ತೆರೆದರು. ಒಂಬತ್ತು ಜನರ ಇಮೇಲ್ ಖಾನೆ ಖಾಲಿ. ಉಳಿದವು ಫೋನ್ ಕೊಂಡಾಗ ಮೊಬೈಲ್ ಅಂಗಡಿಯವನು ತೋಚಿದಂತೆ ಮಾಡಿಕೊಟ್ಟವು. ಅವುಗಳ ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗೆ ಮೊದಲೇ ಗೊತ್ತಿಲ್ಲ. ಮೂವರಿಗಂತೂ ಪುಣ್ಯಾತ್ಮ ಒಂದೇ ವಿಳಾಸ ಕೊಟ್ಟಿದ್ದ. ಅರ್ಧ ಗಂಟೆಯಲ್ಲಿ ಎರಡು ಹೆಸರು ತುಂಬುವಷ್ಟರಲ್ಲಿ ಪ್ರಮೀಳಾ ಅವರಿಗೆ ಸಾಕುಸಾಕಾಯಿತು.

“ಹೋಗ್ಲಿ, ಲಿಂಕೇ ಮಾಡು. ನಮ್ಮೋರು ಬಿಟ್ಟು ಇನ್ಯಾರು ಬರ್ತಾರೆ ಇದಕ್ಕೆ?”

“ಎಷ್ಟು ಜನ ಅಂತ ಮಿತಿ ಕೇಳ್ತಿದೆ. ಇಪ್ಪತ್ಮೂರು ಹಾಕ್ಲಾ?”

“ನಾಳೆ ಇನ್ನಿಬ್ಬರು ಸೇರಿದ್ರೆ ಮತ್ತೆ ಇದೇ ರಾಮಾಯಣ. ಬಿಡು.”

ಬಿಟ್ಟ. ಹಾಗೆ ನಾನು ಬಾಗಿಲಾಗಿ ಹುಟ್ಟಿದೆ, ಚಿಲಕವಿಲ್ಲದೆ. ಎಷ್ಟು ಫೋನುಗಳಿಗೆ ಹೋದೆನೋ ಅಷ್ಟೂ ಕಡೆ ನನಗೆ ಕಿವಿ ಮೂಡಿದವು.

ನನ್ನನ್ನು ಮೊದಲು ಒತ್ತಿದವನು ತಿಪ್ಪೇಸ್ವಾಮಿ. ಮೂವತ್ತನಾಲ್ಕರ ವಯಸ್ಸಿನ ಕೋರ್ಟು ಜವಾನ. ಆ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಕಕ್ಷಿದಾರರ ಹೆಸರು ಕೂಗಿದ ಗುರುಸಿದ್ದಯ್ಯ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕೆಲಸ ತಿಪ್ಪೇಸ್ವಾಮಿಗೆ ಬರುವುದಿತ್ತು. ಕೂಗಲಾಗದಿದ್ದರೆ ಹಳೆಯ ಕಡತಗಳ ಕೋಣೆ. ಉಗ್ಗುವವರು ಜಾಣರು, ತೊಡರುವ ಮಾತನ್ನು ಬಿಟ್ಟು ಇನ್ನೊಂದು ಮಾತು ಹುಡುಕಿಕೊಳ್ಳುತ್ತಾರೆ. ಇವನಿಗೆ ತೊಡರುತ್ತಿದ್ದುದು ಬಕಾರ. ಕೋರ್ಟಿನಲ್ಲಿ ಪ್ರತಿ ಗಂಡಸಿನ ಹೆಸರಿಗೂ ಅಪ್ಪನ ಹೆಸರಿಗೂ ನಡುವೆ ಒಂದು ‘ಬಿನ್’ ಕೂತಿರುತ್ತದೆ. ಅದನ್ನು ಬಿಡುವಂತಿಲ್ಲ, ಬದಲಿಸುವಂತಿಲ್ಲ.

ಮೊದಲ ದಿನದ ಧ್ವನಿಮುದ್ರಿಕೆ ಕೇಳಲಾಗದಷ್ಟು ಕೆಟ್ಟದಾಗಿತ್ತು. “ಪುಟ್ಟರಂಗಯ್ಯ ಬ... ಬ... ಬ...” ಎಂದು ಅವನ ಉಸಿರು ಕಟ್ಟಿತ್ತು. ಆದರೂ ಇಪ್ಪತ್ತೆರಡು ಚಪ್ಪಾಳೆ ಬಂದವು. ಮರುದಿನ ಮತ್ತೆ ಓದಿದ. ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ಗೋಡೆಗೆ ಕೂಗುತ್ತಿದ್ದ. ನಲವತ್ತೊಂದನೆಯ ಸಲ ‘ಬಿನ್’ ಸಲೀಸಾಗಿ ಬಂತು. ಅವತ್ತು ಅವನು ಅತ್ತ. ನನಗೂ ಒಂದು ಕ್ಷಣ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆ ಸಂತೋಷದಲ್ಲೇ ಅವನು ತಪ್ಪಿದ. ಗುರುವೆಂದು ನಂಬಿದ್ದ ಗುರುಸಿದ್ದಯ್ಯನವರಿಗೆ ನನ್ನನ್ನು ಕಳಿಸಿ, “ಸಾರ್, ಕೇಳಿ ಹೇಗಿದೆ ಹೇಳಿ” ಎಂದು ಬರೆದ. ಅವರು ಒತ್ತಿದರು. ನಾನು ತೆರೆದೆ. ನೀನು ಉಗ್ಗುತ್ತೀಯಾ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಮುದ್ರಿಕೆಗಳ ಪಟ್ಟಿಯಲ್ಲಿ ಮೊದಲನೆಯದೇ ಮೇಲಿತ್ತು. ಅದನ್ನು ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಲವತ್ತೊಂದರವರೆಗೆ ಹೋಗಲಿಲ್ಲ. ನೌಕರರ ಗ್ರೂಪಿಗೆ ನನ್ನನ್ನು ದಾಟಿಸಿ, “ನನ್ನ ಜಾಗಕ್ಕೆ ಬರೋ ಹುಲಿ ಗರ್ಜನೆ ಕೇಳ್ರಪ್ಪಾ” ಎಂದು ಬರೆದರು.

ಅಲ್ಲಿಂದ ವಕೀಲರ ಗುಮಾಸ್ತರ ಗ್ರೂಪಿಗೆ, ಅಲ್ಲಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ನನಗೇ ಗೊತ್ತಿಲ್ಲದ ಊರುಗಳಿಗೆ ಹೋದೆ. ಮೂರು ದಿನದಲ್ಲಿ ಒಳಗೆ ಮುನ್ನೂರ ಹದಿನಾರು ಜನ. ಎಲ್ಲರೂ ಮೊದಲ ಮುದ್ರಿಕೆಯನ್ನೇ ಕೇಳಿದರು, ಎಲ್ಲರೂ ಚಪ್ಪಾಳೆ ಒತ್ತಿದರು. ಚಪ್ಪಾಳೆ ಎಷ್ಟು ಬಂತೆಂದು ನೋಡಿ ತಿಪ್ಪೇಸ್ವಾಮಿ ಹಿಗ್ಗಿದ. ನೆಟ್ಟಗೆ ಮಾತಾಡುವ ಜನರೂ ತನ್ನನ್ನು ಮೆಚ್ಚಿದರೆಂದುಕೊಂಡ. ಪ್ರಮೀಳಾ ಕೂಡ, “ನೋಡಿದ್ಯಾ ಭೂಷಣ, ಲಿಂಕ್ ಮಾಡಿದ್ದೇ ಒಳ್ಳೇದಾಯ್ತು” ಎಂದರು.

ತಿಂಗಳ ಮೊದಲ ಸೋಮವಾರ ತಿಪ್ಪೇಸ್ವಾಮಿ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತೊಟ್ಟಿದ್ದ. ನಾನು ಅವನ ಜೇಬಿನಲ್ಲಿದ್ದೆ. ಒಳಗೆ ನ್ಯಾಯಾಧೀಶರು ಕೂತರು, ಮೊದಲ ಕೇಸಿನ ಚೀಟಿ ಕೈಗೆ ಬಂತು. ವಿಧಿಯ ಆಟವೋ ಏನೋ, ಅವನು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಹೆಸರೇ ಅದು. ವರಾಂಡಕ್ಕೆ ಬಂದು, ಪ್ರಮೀಳಾ ಕಲಿಸಿದಂತೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡ.

“ಪುಟ್ಟರಂಗಯ್ಯ...”

ದನಿ ಗಟ್ಟಿಯಾಗಿ ಹೊರಟಿತ್ತು. ಮುಂದಿನ ಮಾತು ತುಟಿಗೆ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದ ಯಾರದೋ ಫೋನು, “ಬ... ಬ... ಬ...” ಎಂದಿತು. ಅವನದೇ ದನಿ. ಇನ್ನೊಂದು ಫೋನು ಮೂಲೆಯಿಂದ ಉತ್ತರ ಕೊಟ್ಟಿತು. ವರಾಂಡಕ್ಕೆ ವರಾಂಡವೇ ನಕ್ಕಿತು. ತಿಪ್ಪೇಸ್ವಾಮಿಯ ಬಾಯಿ ತೆರೆದದ್ದು ತೆರೆದೇ ಇತ್ತು, ದನಿ ಬರಲಿಲ್ಲ. ಕೊನೆಗೆ ಮುದುಕ ಪುಟ್ಟರಂಗಯ್ಯನೇ ಎದ್ದು ಬಂದು ಅವನ ತೋಳು ಮುಟ್ಟಿದ. “ನಾನೇ ಕಣಪ್ಪಾ. ಬಂದಿದೀನಿ. ಕಷ್ಟಪಡಬ್ಯಾಡ, ಬಿಡು.” ಅಷ್ಟು ಜನರ ನಗುವಿಗೆ ಅಲುಗದವನು ಆ ಕರುಣೆಗೆ ಕುಸಿದು ಕೂತ.

ಮರುದಿನವೇ ಅವನನ್ನು ಕಡತಗಳ ಕೋಣೆಗೆ ಹಾಕಿದರು. ಅವನು ಆ್ಯಪ್ ಅಳಿಸಿದ, ಗ್ರೂಪು ಬಿಟ್ಟ, ಕೇಂದ್ರದ ಬೀದಿಗೆ ಕಾಲಿಡಲಿಲ್ಲ. ಫೋನ್ ಬಂದರೆ ಎತ್ತಲಿಲ್ಲ. ವಿಷಯ ತಿಳಿದ ಪ್ರಮೀಳಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾಗಭೂಷಣ ಒಂದು ಗುಂಡಿ ಒತ್ತಿ ನನ್ನನ್ನು ಮುಚ್ಚಿದ. ಆಮೇಲೆ ಇಬ್ಬರೂ ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊಸ ಇಮೇಲ್ ಮಾಡಿ, ಹೆಸರು ಹಿಡಿದು ಕರೆದರು. ತಿಪ್ಪೇಸ್ವಾಮಿ ಎದುರಿಗಿಲ್ಲದ್ದರಿಂದ ಅವನ ಕರೆಯನ್ನು ಪ್ರಮೀಳಾ ಹಾಜರಿ ಪುಸ್ತಕದ ಹಳೆಯ ವಿಳಾಸಕ್ಕೆ ಕಳಿಸಿದರು. “ತಿಪ್ಪೇಸ್ವಾಮಿ ಅವರೇ, ನಿಮ್ಮ ನಲವತ್ತೊಂದನೆಯ ಓದು ನಾನು ಕೇಳಿದ್ದೇನೆ. ತಪ್ಪು ನನ್ನದು. ದಯವಿಟ್ಟು ಬನ್ನಿ.”

ಅದು ಅಂಗಡಿಯವನು ಮಾಡಿಕೊಟ್ಟ ವಿಳಾಸ. ಅಂಥದ್ದೊಂದು ಪೆಟ್ಟಿಗೆ ತನಗಿದೆ ಎಂಬುದೇ ತಿಪ್ಪೇಸ್ವಾಮಿಗೆ ಗೊತ್ತಿಲ್ಲ. ಉತ್ತರ ಬಾರದ್ದು ನೋಡಿ ಪ್ರಮೀಳಾ, “ನಮ್ಮ ಮುಖ ನೋಡೋಕೆ ಇಷ್ಟ ಇಲ್ಲ ಅನ್ಸುತ್ತೆ. ಒತ್ತಾಯ ಬೇಡ,” ಎಂದರು.

ಈಗ ನಾನು ಸತ್ತ ಲಿಂಕ್. ಆ ಮುನ್ನೂರು ಜನ ನನ್ನನ್ನು ಎಂದೋ ಮರೆತಿದ್ದಾರೆ. ತಿಪ್ಪೇಸ್ವಾಮಿಯ ಫೋನಿನಲ್ಲಿ ಮಾತ್ರ, ಗುರುಸಿದ್ದಯ್ಯನವರಿಗೆ ಕಳಿಸಿದ ಆ ಸಾಲಿನ ಮೇಲೆ ಇನ್ನೂ ನೀಲಿಯಾಗಿ ಬಿದ್ದಿದ್ದೇನೆ. ಮಧ್ಯಾಹ್ನ ಯಾರೂ ಇಲ್ಲದಾಗ ಅವನು ಕಡತ ತೆಗೆದು, ಸತ್ತವರ, ಸೋತವರ ಹೆಸರುಗಳನ್ನು ಗೋಡೆಗೆ ಕೂಗುತ್ತಾನೆ. ಆಮೇಲೆ ಎಷ್ಟೋ ಹೊತ್ತು ಹಿಂದೆಮುಂದೆ ನೋಡಿ ನನ್ನನ್ನು ಒತ್ತುತ್ತಾನೆ. ನಗಲು ಬಂದವರಿಗೆಲ್ಲ ತೆರೆದುಕೊಂಡ ನಾನು ಇವನಿಗೆ ಒಂದೇ ಸಾಲು ತೋರಿಸುತ್ತೇನೆ: ‘ಈ ಪರೀಕ್ಷೆಗೆ ಈಗ ಯಾರನ್ನೂ ಸೇರಿಸಿಕೊಳ್ಳುತ್ತಿಲ್ಲ.’ ಬೇರೆ ಮಾತು ನನಗೆ ಕಲಿಸಿಲ್ಲ. ಕರೆ ಬಂದಿದೆ ಕಣಪ್ಪಾ, ಇನ್ನೊಂದು ಕಡೆ ನಿನ್ನ ಹೆಸರಿಗೇ ಬಿದ್ದಿದೆ ಎಂದು ಹೇಳಲು ನನಗೆ ಬಾಯಿಲ್ಲ.

ನಿನ್ನೆಯೂ ಒತ್ತಿದ. ಸಾಲನ್ನು ಓದಿದ. ಪ್ರಮೀಳಾ ಅವರೇ ಎದುರಿಗೆ ನಿಂತು ಬಾಗಿಲು ಹಾಕಿದರೆಂಬಂತೆ ತಲೆ ತಗ್ಗಿಸಿದ.

“ಆಯ್ತು ಮೇಡಂ, ಬರಲ್ಲ ಬಿಡಿ,” ಎಂದ.

ಎರಡು ಬಕಾರಗಳು. ಒಂದೂ ತೊಡರಲಿಲ್ಲ.